ಮನೆ ಹುಡುಕುವ ಮೊದಲು ಶಾಲೆ ಹುಡುಕಿ

ಪ್ರಶ್ನೆ: ಅಕ್ಕಾ, ನಾವು ಗಾಯತ್ರಿನಗರದಲ್ಲಿ ಮದುವೆಯಾದಾಗಿನಿಂದ ಒಂದೇ ಮನೆಯಲ್ಲಿ ಬಾಡಿಗೆಗಿದ್ದೇವೆ. ಎರಡು ಕೋಣೆ, ಅಡುಗೆಮನೆ, ಹಿಂದುಗಡೆ ಬಚ್ಚಲು. ಬಾಡಿಗೆ 13,000 ರೂಪಾಯಿ. ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿಸುತ್ತಾರಂತೆ, ಸಂಕ್ರಾಂತಿಯೊಳಗೆ ಖಾಲಿ ಮಾಡಿ ಅಂದಿದ್ದಾರೆ. ಸುತ್ತಮುತ್ತ ವಿಚಾರಿಸಿದರೆ ಇಷ್ಟೇ ಮನೆಗೆ 22,000 ಬಾಡಿಗೆ, ಎರಡು ಲಕ್ಷ ಅಡ್ವಾನ್ಸ್ ಕೇಳುತ್ತಾರೆ. ಯಜಮಾನರು ಸುಲ್ತಾನ್‌ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾರೆ, ಸಂಬಳ 26,000. ನಾನು ಮನೆಯಲ್ಲೇ ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ತಿಂಗಳಿಗೆ ಏಳು ಸಾವಿರದಷ್ಟು ದುಡಿಯುತ್ತೇನೆ.

ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ಇಬ್ಬರೂ ಅನುದಾನಿತ ಕನ್ನಡ ಶಾಲೆಗೆ ನಡೆದುಕೊಂಡೇ ಹೋಗುತ್ತಾರೆ. ಯಜಮಾನರು ಮಾದಾವರ ಮೆಟ್ರೊದಿಂದ ಆಚೆ ಹೊಸ ಬಡಾವಣೆಯಲ್ಲಿ 9,000ಕ್ಕೆ ಮನೆ ನೋಡಿ ಬಂದಿದ್ದಾರೆ. ಅಲ್ಲಿರುವ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಬ್ಬರಿಗೆ ವರ್ಷಕ್ಕೆ 45,000 ಫೀಸು, ವ್ಯಾನಿಗೆ ತಿಂಗಳಿಗೆ 1,500. ಅಲ್ಲೇ ಒಂದು 20x30 ರೆವಿನ್ಯೂ ಸೈಟು ಇದೆ, ಚೀಟಿ ಎತ್ತಿ, ಸ್ವಲ್ಪ ಸಾಲ ಮಾಡಿ ತೆಗೆದುಕೊಂಡುಬಿಡೋಣ ಎಂದು ಅವರ ಹಟ. ಅತ್ತೆಯವರು, "ಮಗಳನ್ನು ಶ್ರೀರಾಂಪುರದ ನಾದಿನಿ ಮನೆಯಲ್ಲಿ ಬಿಡೋಣ, ಎಸ್ಸೆಸ್ಸೆಲ್ಸಿವರೆಗೂ ಅದೇ ಸ್ಕೂಲಿಗೆ ಹೋಗಲಿ" ಅನ್ನುತ್ತಾರೆ. ದಿನಾ ಇದೇ ಜಗಳ. ನಮ್ಮಂಥವರಿಗೆ ಈ ಊರಲ್ಲಿ ಜಾಗವೇ ಇಲ್ಲವಾ ಅಕ್ಕ? ಮಕ್ಕಳಿಗೆ ನಾನೇ ಅನ್ಯಾಯ ಮಾಡುತ್ತಿದ್ದೀನಾ?

— ಗಾಯತ್ರಿನಗರದ ಒಬ್ಬ ತಾಯಿ

ಉತ್ತರ: ತಂಗೀ, ಮೊದಲು ಸಂಕ್ರಾಂತಿಯ ಗಡುವಿನ ವಿಷಯ ಮುಗಿಸೋಣ. ಮಿಕ್ಕಿದ್ದೆಲ್ಲ ಆ ತಾರೀಖಿನ ಭಯದಲ್ಲೇ ಕಲಸಿಹೋಗಿದೆ.

ಕಾನೂನು ನಿಮ್ಮ ಪರ ತುಂಬ ಗಟ್ಟಿಯಾಗಿ ನಿಂತಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಸಿಗುವುದಿಲ್ಲ. ಈ ಊರಲ್ಲಿ ಇವತ್ತು ಆ ಮೊತ್ತಕ್ಕೆ ಎಂಥ ಮನೆ ಸಿಗುತ್ತದೆ ನೀವೇ ಹೇಳಿ! ಹನ್ನೊಂದು ತಿಂಗಳ ಕರಾರು ಮುಗಿದು ಹಾಗೇ ಮುಂದುವರಿದಿದ್ದರೆ, ತಿಂಗಳ ಬಾಡಿಗೆದಾರರಿಗೆ ಹದಿನೈದು ದಿನದ ನೋಟಿಸ್ ಸಾಕು. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಬೀದಿಗೆ ಎಸೆಯುವಂತಿಲ್ಲ, ನೀರು, ಕರೆಂಟು ಕಡಿಯುವಂತಿಲ್ಲ. ಒಪ್ಪದವರನ್ನು ಬಿಡಿಸಬೇಕಾದರೆ ಕೋರ್ಟಿಗೇ ಹೋಗಬೇಕು. ಅದು ಮಾಲೀಕರ ಮಗನಿಗೂ ಗೊತ್ತು. ಹೊಸ ಕಟ್ಟಡಕ್ಕೆ ನಕ್ಷೆ ಮಂಜೂರಾತಿ, ಸಾಲ, ಕಂಟ್ರಾಕ್ಟರು ಎಂದು ಅವರಿಗೂ ಸಮಯ ಹಿಡಿಯುತ್ತದೆ. ಯಜಮಾನರ ಜೊತೆ ನೀವೂ ಹೋಗಿ, ಜಗಳವಾಡದೆ ಎರಡು ಮಾತು ಕೇಳಿ. ಮಕ್ಕಳ ಪರೀಕ್ಷೆ ಮುಗಿಯುವ ತನಕ, ಅಂದರೆ ಏಪ್ರಿಲ್ ಎರಡನೇ ವಾರದವರೆಗೆ ಇರಲು ಬಿಡಿ, ಆ ದಿನ ಖಂಡಿತ ಬೀಗದಕೈ ಕೊಡುತ್ತೇವೆ ಎಂದು ಬರೆದು ಸಹಿ ಹಾಕಿಕೊಡಿ. ಅಡ್ವಾನ್ಸ್ ಪೂರ್ತಿ ವಾಪಸ್ ಬೇಕು ಎಂಬುದೂ ಅದರಲ್ಲೇ ಇರಲಿ. ಪೇಂಟಿಂಗಿಗೆ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ ನಿಜ. ಆದರೆ ಕೆಡವುವ ಮನೆಗೆ ಸುಣ್ಣಬಣ್ಣ ಯಾಕೆ? ಇದನ್ನು ನಗುತ್ತಲೇ ಕೇಳಿ, ಆದರೆ ಬಿಡಬೇಡಿ.

ಏಪ್ರಿಲ್ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ರಾಜ್ಯದಲ್ಲಿ ಹಿರಿಯ ಪ್ರಾಥಮಿಕ ಸಾಮಾನ್ಯವಾಗಿ ಏಳಕ್ಕೆ ಮುಗಿದು ಎಂಟರಿಂದ ಹೈಸ್ಕೂಲು ಶುರು. ಎಷ್ಟೋ ಮಕ್ಕಳು ಎಂಟಕ್ಕೆ ಹೇಗೂ ಶಾಲೆ ಬದಲಿಸುತ್ತಾರೆ. ಜನವರಿಯಲ್ಲಿ ನಡುವೆ ಎದ್ದು ಹೋದರೆ ನಿಮ್ಮ ಮಗಳು ಹೊಸ ಶಾಲೆಯಲ್ಲಿ ಒಬ್ಬಳೇ ಹೊಸಬಳು. ಜೂನಿನಲ್ಲಿ ಹೋದರೆ ಎಂಟನೇ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹೊಸಬರೇ ಇರಬಹುದು. ಹತ್ತನೇ ಕ್ಲಾಸಿಗೆ ಮುಂಚೆ ನೆಲೆಯೂರಲು ಪೂರಾ ಎರಡು ವರ್ಷ ಸಿಗುತ್ತದೆ. ಬದಲಿಸಲೇಬೇಕಾದರೆ ಇದಕ್ಕಿಂತ ಒಳ್ಳೆಯ ಸಂದು ಮತ್ತೆ ಬರುವುದಿಲ್ಲ. ಎರಡನೇ ಕ್ಲಾಸಿನವನ ಚಿಂತೆ ಬಿಡಿ. ಆ ವಯಸ್ಸಿನವರಿಗೆ ಒಂದು ವಾರದಲ್ಲಿ ಗೆಳೆಯರಾಗುತ್ತಾರೆ.

ಇನ್ನು ನಿಮ್ಮ ಪತ್ರದ ಲೆಕ್ಕ. ಇಲ್ಲಿ 22,000, ಅಲ್ಲಿ 9,000, ಉಳಿತಾಯ 13,000 ಎಂದು ಯಜಮಾನರು ಹೇಳುತ್ತಿರಬೇಕು. ಇಬ್ಬರು ಮಕ್ಕಳ ಫೀಸು ವರ್ಷಕ್ಕೆ 90,000 ಅಂದರೆ ತಿಂಗಳಿಗೆ 7,500. ವ್ಯಾನಿಗೆ 3,000. ಅಲ್ಲಿಗೆ 10,500 ಹೋಯಿತು. ಉಳಿದ 2,500ರಲ್ಲಿ ಅವರ ಮೆಟ್ರೊ ಖರ್ಚು ಕಳೆಯಿರಿ. 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಅದೇನೂ ಚಿಲ್ಲರೆ ಖರ್ಚಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಪಾಲು ಎಷ್ಟು ಬರುತ್ತದೆ ಎಂದು ಅಲ್ಲಿನ ಬಾಡಿಗೆದಾರರನ್ನೇ ಕೇಳಿ, ಮಾಲೀಕರನ್ನಲ್ಲ. ಇವೆಲ್ಲಕ್ಕಿಂತ ದೊಡ್ಡದನ್ನು ನಿಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. ಅದು ನಿಮ್ಮ ಏಳು ಸಾವಿರ. ಬ್ಲೌಸ್ ಹೊಲಿಸಲು ಬರುವವರು ನಿಮ್ಮ ಬೀದಿಯವರು, ಪಕ್ಕದ ಬೀದಿಯವರು. ಗೌರಿಹಬ್ಬಕ್ಕೆ, ಮದುವೆ ಸೀಸನ್ನಿಗೆ ಅವರು ಮಾದಾವರದ ಆಚೆಗೆ ಬಟ್ಟೆ ಹೊತ್ತು ತರುವುದಿಲ್ಲ. ಹೊಸ ಜಾಗದಲ್ಲಿ ಗಿರಾಕಿ ಕುದುರಲು ವರ್ಷ ಹಿಡಿಯಬಹುದು. ಅಲ್ಲಿಯವರೆಗೆ ನೀವು ಉಳಿಸುತ್ತಿಲ್ಲ, ಕೈಯಿಂದ ಹಾಕುತ್ತಿದ್ದೀರಿ.

ಹಾಗಾದರೆ ಹೋಗಲೇಬಾರದೇ? ಹಾಗಲ್ಲ. ಅಲ್ಲಿನ ಖಾಸಗಿ ಶಾಲೆಯ ಬದಲು ಸರ್ಕಾರಿ ಅಥವಾ ಅನುದಾನಿತ ಶಾಲೆ ಸಿಕ್ಕಿತು ಎನ್ನಿ, 10,500ರ ಬಹುಪಾಲು ನಿಮ್ಮ ಕೈಯಲ್ಲೇ ಉಳಿಯಿತು. ಬಿಸಿಯೂಟ ಹತ್ತನೇ ಕ್ಲಾಸಿನವರೆಗೆ ಉಂಟು. ನೀವು ಕೊಡುವ ಬಾಡಿಗೆ ಅಗ್ಗವೋ ದುಬಾರಿಯೋ ಎಂಬುದು ಮನೆಯಿಂದಲ್ಲ, ಮನೆಗೆ ಹತ್ತಿರ ಯಾವ ಶಾಲೆ ಇದೆ ಎಂಬುದರಿಂದ ತೀರ್ಮಾನವಾಗುತ್ತದೆ. ಅದಕ್ಕೇ ಹೇಳುತ್ತೇನೆ, ಮನೆ ನೋಡಿಕೊಂಡು ಆಮೇಲೆ ಶಾಲೆ ಹುಡುಕಬೇಡಿ. ಶಾಲೆ ಗೊತ್ತುಮಾಡಿಕೊಂಡು, ಅಲ್ಲಿಂದ ಮಕ್ಕಳು ನಡೆದು ಬರುವಷ್ಟು ದೂರದಲ್ಲಿ ಮನೆ ನೋಡಿ.

"ನಮ್ಮಂಥವರಿಗೆ ಈ ಊರಲ್ಲಿ ಜಾಗವೇ ಇಲ್ಲವಾ" ಎಂದು ಕೇಳಿದ್ದೀರಿ. ಇದಕ್ಕೆ ಸಮಾಧಾನದ ಮಾತು ಹೇಳಿ ದಾಟಿಹೋಗಲು ನನಗೆ ಮನಸ್ಸಿಲ್ಲ. ಇದು ಹೇಗೆ ಆಯಿತು ಎಂದು ಗೊತ್ತಾದರೆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳುವುದನ್ನಾದರೂ ಬಿಡುತ್ತೀರಿ.

ನಿಮ್ಮ ಮನೆಯ ಸುತ್ತಮುತ್ತಲಿನ ಪ್ರದೇಶ ತನ್ನಷ್ಟಕ್ಕೆ ಬೆಳೆದದ್ದಲ್ಲ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಾರ್ಖಾನೆಗಳ ಜೊತೆಜೊತೆಗೆ ಕಾರ್ಮಿಕರಿಗೆ ವಸತಿಯಾಗಲಿ ಎಂದು ರಾಜಾಜಿನಗರ ಬಂತು. ದುಡಿಯುವ ಜಾಗ, ಮಲಗುವ ಜಾಗ, ಮಕ್ಕಳು ಓದುವ ಜಾಗ ಕಾಲ್ನಡಿಗೆಯಷ್ಟು ದೂರದಲ್ಲಿದ್ದವು. ನಿಮ್ಮ ಮಕ್ಕಳು ಇವತ್ತು ಶಾಲೆಗೆ ನಡೆದು ಹೋಗುತ್ತಿರುವುದು ಆ ಕಾಲದವರ ಯೋಚನೆಯ ಫಲ. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಎದ್ದುಹೋದವು. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಮಾಲು, ಹೋಟೆಲು, ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರ ಇವೆ. 2014ರಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯಕ್ಕೆ ಮೆಟ್ರೊ ಓಡಿತು. ಇವು ಬೇಡವಾಗಿದ್ದವು ಎಂದು ನಾನು ಹೇಳುತ್ತಿಲ್ಲ, ಮೆಟ್ರೊ ನಾನೂ ಹತ್ತುತ್ತೇನೆ. ಆದರೆ ಇಂಥದೊಂದು ಬಂದಾಗ ಅಕ್ಕಪಕ್ಕದ ಬಾಡಿಗೆ ಏರುತ್ತದೆ, ಹಳೆ ವಠಾರಗಳು ಉರುಳುತ್ತವೆ, ಅಲ್ಲಿದ್ದವರಿಗೆ ಅದೇ ಬೀದಿಯಲ್ಲಿ ಕೈಗೆಟುಕುವ ನಾಲ್ಕು ಮನೆ ಉಳಿಸಬೇಕು ಎಂದು ಯೋಜನೆ ಹಾಕಿದವರು ಯೋಚಿಸಲಿಲ್ಲ.

ಶಾಲೆಗೆ ಜಾಗ ಬಿಡಬೇಕೆಂಬ ನಿಯಮವೇನೋ ಇದೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಪ್ರಾಧಿಕಾರ ಬಡಾವಣೆ ಮಾಡುವಾಗ ಉದ್ಯಾನ, ಆಟದ ಮೈದಾನಕ್ಕೆ ಕನಿಷ್ಠ ಶೇಕಡಾ 15, ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮತ್ತೆ ಶೇಕಡಾ 10 ಜಾಗ ಬಿಡಬೇಕು. ಸಿಎ ಸೈಟು ಅನ್ನುತ್ತೇವಲ್ಲ, ಅದೇ. ಜನ ಪಟ್ಟು ಹಿಡಿದರೆ ಅಂಥ ಜಾಗ ಉಳಿಯುತ್ತದೆ ಎಂಬುದಕ್ಕೂ ಇದೇ ಊರಿನ ಉದಾಹರಣೆ ಇದೆ. ಸದಾಶಿವನಗರದ ಕಡೆ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಆದರೆ ಅದು ಓದುಬರಹ, ಹಣ, ಬಿಡುವು ಎಲ್ಲ ಇದ್ದವರ ಬಡಾವಣೆ ಎಂಬುದನ್ನೂ ಮರೆಯುವಂತಿಲ್ಲ.

ಯಜಮಾನರು ನೋಡಿಬಂದ ಬಡಾವಣೆ ಈ ಜಾತಿಯದಲ್ಲ. ರೆವಿನ್ಯೂ ಬಡಾವಣೆ ಎಂದರೆ ಹೊಲವನ್ನು ದಾರ ಕಟ್ಟಿ ಅಳೆದು, ನಡುವೆ ಒಂದು ರಸ್ತೆ ಬಿಟ್ಟು, ಮಿಕ್ಕಿದ್ದನ್ನೆಲ್ಲ ಸೈಟು ಮಾಡಿ ಮಾರುವುದು. ಶಾಲೆಗೆಂದು ಅಲ್ಲಿ ಒಂದು ಗೇಣು ಜಾಗ ಇರುವುದಿಲ್ಲ. ಸೈಟು ಅಗ್ಗವಾಗಲು ಇರುವ ಕಾರಣಗಳಲ್ಲಿ ಅದೂ ಒಂದು! ನಾಳೆ ಅಲ್ಲಿ ಸಾವಿರ ಮಕ್ಕಳಾದಾಗ ಸರ್ಕಾರ ಶಾಲೆ ಕಟ್ಟೋಣವೆಂದರೂ ಜಾಗ ಸಿಗದು. ಆಗ ಯಾರೋ ಒಬ್ಬರು ಮೂರಂತಸ್ತಿನ ಮನೆಯನ್ನೇ ಶಾಲೆ ಮಾಡಿ, ಇಂಟರ್‌ನ್ಯಾಷನಲ್ ಎಂದು ಬೋರ್ಡು ಹಾಕಿ ಫೀಸು ಹೇಳುತ್ತಾರೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಊರನ್ನು ದೊಡ್ಡದು ಮಾಡಿದರು. ಅದೇ 2007ರಲ್ಲಿ, 2015ರವರೆಗಿನ ಮಾಸ್ಟರ್ ಪ್ಲಾನ್ ಹೊರಟಿತು. ಅದರ ಮುಂದಿನದು, 2031ರದ್ದು, 2017ರಲ್ಲಿ ಕರಡಾಗಿ ಬಂದು ಆಮೇಲೆ ಹಿಂದಕ್ಕೆ ಹೋಯಿತು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಕ್ಷೆ ಹಳತಾಯಿತು, ಕೇಳಲು ಕಾರ್ಪೊರೇಟರೂ ಇರಲಿಲ್ಲ, ಊರು ಮಾತ್ರ ಯಾರನ್ನೂ ಕೇಳದೆ ಬೆಳೆಯಿತು.

ನೀವು ಬಿಟ್ಟುಹೋಗುವ ಶಾಲೆಗೆ ಏನಾಗುತ್ತದೆ ಗೊತ್ತೇ? ಶಿಕ್ಷಣ ಹಕ್ಕು ಕಾಯ್ದೆಯಂತೆ ಕೆಳಗಿನ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ, ಆರರಿಂದ ಎಂಟರವರೆಗೆ ಮೂವತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರು. ನಿಮ್ಮಂಥ ಹತ್ತು ಮನೆ ಖಾಲಿಯಾದರೆ ಹದಿನೈದು, ಇಪ್ಪತ್ತು ಮಕ್ಕಳು ಹೋದಂತೆ. ಸರ್ಕಾರಿ ಶಾಲೆಯಾದರೆ 'ಹೆಚ್ಚುವರಿ ಶಿಕ್ಷಕ' ಎಂದು ಒಬ್ಬರನ್ನು ಬೇರೆ ಕಡೆಗೆ ಕಳಿಸುತ್ತಾರೆ. ಅನುದಾನಿತ ಶಾಲೆಯಲ್ಲಿ ನಿವೃತ್ತರಾದವರ ಜಾಗ ತುಂಬಲು ಅನುಮತಿಗಾಗಿ ಕಾಯುವುದೇ ಕೆಲಸ. ಶಿಕ್ಷಕರಿಲ್ಲ ಎಂದು ಮತ್ತೆ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಕೊನೆಗೆ 'ಕನ್ನಡ ಶಾಲೆಗೆ ಮಕ್ಕಳೇ ಬರುತ್ತಿಲ್ಲ, ಪೋಷಕರಿಗೆ ಇಂಗ್ಲಿಷ್ ವ್ಯಾಮೋಹ' ಎಂದು ಭಾಷಣವಾಗುತ್ತದೆ. ಆ ಭಾಷಣ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ವ್ಯಾಮೋಹ ಇಲ್ಲವೆಂದಲ್ಲ. ಆದರೆ ಬಾಡಿಗೆ ಕಟ್ಟಲಾಗದೆ ಊರಾಚೆ ಹೋದ ಮಗು ಮಲ್ಲೇಶ್ವರದ ಶಾಲೆಗೆ ಹೇಗೆ ಬಂದೀತು? ಊರ ನಡುವೆ ಬೆಂಚು ಖಾಲಿ, ಊರಂಚಿನಲ್ಲಿ ಬೆಂಚಿಗೆ ಐದು ಜನ. ಮನೆ ಯೋಜನೆ ಒಂದು ಇಲಾಖೆ, ಶಾಲೆ ಇನ್ನೊಂದು ಇಲಾಖೆ ಎಂದು ಇಟ್ಟುಕೊಂಡಿರುವ ತನಕ ಇದು ಹೀಗೇ. ಇದರಲ್ಲಿ ನಿಮ್ಮ ತಪ್ಪು ಎಲ್ಲಿದೆ ಹೇಳಿ.

ಸರಿ, ನಿಮ್ಮ ಕೆಲಸಕ್ಕೆ ಬರೋಣ. ಗಾಯತ್ರಿನಗರ ಬಿಟ್ಟರೆ ಮಾದಾವರದಾಚೆಯೇ ಎಂದು ಯಾಕೆ ಅಂದುಕೊಂಡಿರಿ? ನಡುವೆ ದಾಸರಹಳ್ಳಿ, ಬಾಗಲಗುಂಟೆ, ಲಗ್ಗೆರೆ, ಹೆಗ್ಗನಹಳ್ಳಿ ಇವೆ. ಪೀಣ್ಯದ ಕಾರ್ಮಿಕರು ತುಂಬಿಕೊಂಡಿರುವ ಜಾಗಗಳು. ಬಾಡಿಗೆ 9,000ಕ್ಕೆ ಸಿಗದಿರಬಹುದು, 22,000 ಅಂತೂ ಅಲ್ಲ. ಇವು ಮೊದಲು ಹಳ್ಳಿಗಳಾಗಿದ್ದರಿಂದ ಊರೊಳಗೆ ಹಳೆಯ ಸರ್ಕಾರಿ ಶಾಲೆಗಳಿರುತ್ತವೆ. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಯಜಮಾನರು ನೇರ ಚಿಕ್ಕಪೇಟೆಯಲ್ಲಿ ಇಳಿದು ನಡೆದು ಪ್ರೆಸ್ ಸೇರಬಹುದು. ನಿಮಗೆ ಬಸ್ಸು ಉಚಿತ. ಹಳೆ ಗಿರಾಕಿಗಳಿಂದ ವಾರಕ್ಕೊಂದು ದಿನ ಬಟ್ಟೆ ತಂದು, ಮುಂದಿನ ವಾರ ಕೊಟ್ಟುಬರುವುದು ದಾಸರಹಳ್ಳಿಯಿಂದ ಆದೀತು.

ಶಾಲೆ ನೋಡಲು ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಎಷ್ಟು ಶಿಕ್ಷಕರಿದ್ದಾರೆ, ಗಣಿತಕ್ಕೂ ಇಂಗ್ಲಿಷಿಗೂ ಖಾಯಂ ಶಿಕ್ಷಕರೋ ಅತಿಥಿ ಶಿಕ್ಷಕರೋ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದೆಯೋ ತೆರೆದಿದೆಯೋ ಎಂದು ನೀವೇ ನೋಡಿ. ಮಗನಿಗೆ ಪ್ರಾಥಮಿಕ, ಮಗಳಿಗೆ ಹೈಸ್ಕೂಲು ಬೇಕು. ಎರಡೂ ಒಂದೇ ಕಡೆ ಇಲ್ಲದಿರಬಹುದು, ಆದ್ದರಿಂದ ಎರಡಕ್ಕೂ ದಾರಿ ನೋಡಿಕೊಳ್ಳಿ. ಖಾಸಗಿಯೇ ಆಗಬೇಕೆಂದರೆ ಮಾನ್ಯತೆ ಯಾವ ತರಗತಿಯವರೆಗೆ, ಯಾವ ಪಠ್ಯಕ್ರಮಕ್ಕೆ ಎಂದು ಬಿಇಒ ಕಚೇರಿಯಲ್ಲೇ ವಿಚಾರಿಸಿ, ಬೋರ್ಡು ನಂಬಬೇಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಉಚಿತ ಸೀಟಿನ ಆಸೆ ಬೇಡ. ಅದು ಪ್ರವೇಶದ ತರಗತಿಗೆ ಮಾತ್ರ. ಅದೂ 2019-20ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಸಿಗುವುದಿಲ್ಲ.

ಸೈಟಿನ ವಿಷಯದಲ್ಲಿ ನನ್ನ ಮಾತು ಯಜಮಾನರಿಗೆ ಕಹಿಯಾದೀತು. ಚೀಟಿ ದುಡ್ಡು, ಕೈಸಾಲ ಸೇರಿಸಿ ರೆವಿನ್ಯೂ ಸೈಟು ತೆಗೆದುಕೊಳ್ಳುವುದು ಈಗ ಬೇಡ. ಭೂಪರಿವರ್ತನೆ ಆಗಿದೆಯೇ, ಬಡಾವಣೆಗೆ ಮಂಜೂರಾದ ನಕ್ಷೆ ಇದೆಯೇ, ಖಾತೆ ಎಂಥದ್ದು, ಇವು ಮೂರಕ್ಕೂ ಕಾಗದ ತೋರಿಸದವರ ಹತ್ತಿರ ಮುಂಗಡ ಕೊಡಬಾರದು. 'ಮುಂದೆ ಸರ್ಕಾರ ಸಕ್ರಮ ಮಾಡುತ್ತದೆ' ಎಂಬ ಮಾತನ್ನು ಈ ಊರಿನ ಏಜೆಂಟರು ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟು 2017ರಲ್ಲಿ ತಡೆ ಕೊಟ್ಟದ್ದನ್ನು ಮಾತ್ರ ಅವರು ಹೇಳುವುದಿಲ್ಲ. ಯಾರಾದರೂ ಲೀಸಿಗೆ ಮನೆ ಇದೆ, ಬಾಡಿಗೆಯೇ ಇಲ್ಲ ಎಂದು ಬಂದರೂ ಅಷ್ಟೇ ಎಚ್ಚರ. ಮಾಲೀಕರನ್ನೇ ಕಣ್ಣಾರೆ ಕಂಡು, ಮನೆಯ ಮೇಲೆ ಸಾಲ ಇಲ್ಲವೆಂದು ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ, ಕರಾರನ್ನು ನೋಂದಣಿ ಮಾಡಿಸದೆ ಲಕ್ಷಗಟ್ಟಲೆ ಹಣ ಕೊಡಬೇಡಿ.

ಆದರೆ ಸೈಟಿನ ಹಟದ ಹಿಂದೆ ಏನಿದೆ ಎಂದೂ ನೋಡಿ. ಇನ್ನೊಬ್ಬರು ಸಂಕ್ರಾಂತಿಯೊಳಗೆ ಏಳಿ ಎಂದಾಗ ಏಳಬೇಕಾದ ಅವಮಾನ ಅವರನ್ನು ನಿಮಗಿಂತ ಹೆಚ್ಚು ಸುಟ್ಟಿರಬಹುದು. ಅದನ್ನು ಬಾಯಿಬಿಟ್ಟು ಹೇಳಲು ಬರದ ಗಂಡಸರು ಸೈಟು, ಸಾಲ ಎಂದು ಮಾತಾಡುತ್ತಾರೆ. 'ನೀವು ಹೇಳೋದು ಹುಚ್ಚು' ಎನ್ನುವ ಬದಲು 'ಎರಡು ವರ್ಷ ಬಿಟ್ಟು ನೋಡೋಣ, ಅಲ್ಲಿವರೆಗೆ ಚೀಟಿ ಹಾಗೇ ನಡೀಲಿ' ಅನ್ನಿ. ಮೇಲೆ ಬರೆದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಭಾನುವಾರ ಕಾಫಿ ಆದ ಮೇಲೆ ಕೈಗೆ ಕೊಡಿ. ಪ್ರೆಸ್ಸಿನವರು, ಬರೆದದ್ದನ್ನು ಓದುತ್ತಾರೆ.

ಅತ್ತೆಯವರ ಸಲಹೆ ಕೆಟ್ಟ ಮನಸ್ಸಿನದಲ್ಲ. ನೆಂಟರ ಮನೆಯಲ್ಲಿದ್ದು ಓದಿದವರು ಅವರ ಕಾಲದಲ್ಲಿ ಮನೆಮನೆಗೂ ಇದ್ದರು. ಆದರೂ ಹನ್ನೆರಡು, ಹದಿಮೂರರ ಹುಡುಗಿಯನ್ನು ಮೂರು ವರ್ಷ ಬೇರೆ ಮನೆಯಲ್ಲಿ ಬಿಡಲು ನಾನು ಒಪ್ಪುವುದಿಲ್ಲ. ದೊಡ್ಡವಳಾಗುವ ಕಾಲ. ಹೊಟ್ಟೆನೋವು ಬಂದರೆ, ಶಾಲೆಯಲ್ಲಿ ಯಾರೋ ಏನೋ ಅಂದರೆ ರಾತ್ರಿ ಅಮ್ಮ ಬೇಕು. ನಾದಿನಿ ಎಷ್ಟೇ ಒಳ್ಳೆಯವರಿರಲಿ, ಅವರದ್ದೂ ಇಕ್ಕಟ್ಟಿನ ಮನೆಯೇ ಇರಬೇಕು, ಸಂಜೆ ಪಾತ್ರೆ ತೊಳೆಯುವುದು ಮೆಲ್ಲಗೆ ಇವಳ ಪಾಲಿಗೆ ಬಂದರೆ ಇವಳು ಯಾರಿಗೂ ಹೇಳಿಕೊಳ್ಳಳು. ಮಾಲೀಕರು ಏಪ್ರಿಲ್‌ವರೆಗೆ ಬಿಡಲು ಒಪ್ಪಲೇ ಇಲ್ಲ ಎನ್ನಿ, ಆಗ ಪರೀಕ್ಷೆಯವರೆಗಿನ ಆ ಕೆಲವು ವಾರ ಮಾತ್ರ, ಅದೂ ಅವಳಾಗಿ ಹೂಂ ಅಂದರೆ, ಶನಿವಾರ ಭಾನುವಾರ ನಿಮ್ಮ ಹತ್ತಿರ ಬರುವಂತಿದ್ದರೆ ಆಗಬಹುದು. ಪತ್ರದಲ್ಲಿ ಎಲ್ಲರ ಅಭಿಪ್ರಾಯ ಬರೆದಿದ್ದೀರಿ, ಮಗಳು ಏನನ್ನುತ್ತಾಳೆ ಎಂದು ಬರೆದಿಲ್ಲ. ಅವಳನ್ನು ಕೂರಿಸಿಕೊಂಡು ಕೇಳಿ. ಶಾಲೆ ನೋಡಲು ಹೋಗುವಾಗ ಜೊತೆಯಲ್ಲೇ ಕರೆದುಕೊಂಡು ಹೋಗಿ. ಎರಡು ಶಾಲೆ ತೋರಿಸಿ ಒಂದನ್ನು ಅವಳೇ ಆರಿಸಿದರೆ ಅರ್ಧ ಅಳು ಕಮ್ಮಿಯಾಗುತ್ತದೆ.

ಟಿ.ಸಿ. ವಿಷಯಕ್ಕೆ ಭಯಪಡಬೇಡಿ. ಎಂಟನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಹೋಗುವುದು ಮಗುವಿನ ಹಕ್ಕು. ಮುಖ್ಯ ಶಿಕ್ಷಕರು ತಕ್ಷಣ ಟಿ.ಸಿ. ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಇಬ್ಬರ ಸ್ಯಾಟ್ಸ್ (ಶಾಲೆಯ ವಿದ್ಯಾರ್ಥಿ ದಾಖಲೆ) ಸಂಖ್ಯೆ ಬರೆದಿಟ್ಟುಕೊಳ್ಳಿ. ಹೆಸರು, ಜನ್ಮದಿನಾಂಕ ಆಧಾರಿನಲ್ಲೂ ಶಾಲೆ ದಾಖಲೆಯಲ್ಲೂ ಒಂದೇ ಇದೆಯೇ ಎಂದು ಈಗಲೇ ನೋಡಿ. ತಪ್ಪಿದ್ದರೆ ಹಳೆ ಶಾಲೆಯಲ್ಲಿರುವಾಗಲೇ ತಿದ್ದಿಸಿ, ಎಸ್ಸೆಸ್ಸೆಲ್ಸಿ ಹೊತ್ತಿಗೆ ಅದೇ ದೊಡ್ಡ ತಲೆನೋವಾಗುತ್ತದೆ.

ಮಗ ಸೇರುವುದು ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಸದಸ್ಯರನ್ನು ಆರಿಸುವ ಸಭೆಗೆ ಹೋಗಿ ನಿಮ್ಮ ಹೆಸರು ಕೊಡಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಹೆಂಗಸರು ಸಿಗುವುದಿಲ್ಲ ಎಂದು ಮುಖ್ಯ ಶಿಕ್ಷಕರು ಹುಡುಕಾಡುತ್ತಿರುತ್ತಾರೆ. ಹೊಲಿಗೆ ಗಿರಾಕಿಗಳೂ ಅಲ್ಲೇ ಸಿಕ್ಕಾರು.